ರಬ್ಬರಿನ ಎತ್ತರ: ಪಿಕಪ್ ವಾಹನದ ಗಾಲಿಯ ಅಳತೆಯೂ ಪ್ರಯಾಣದ ಸುಖವೂ

ಮೋಟಾರು ವಾಹನಗಳ ಚರಿತ್ರೆಯಲ್ಲಿ ರಿಮ್ಮಿನ ವ್ಯಾಸವು ಮೊದಲ ಅರ್ಧಶತಮಾನದಲ್ಲಿ ಕ್ರಮಕ್ರಮವಾಗಿ ಕಿರಿದಾಗುತ್ತ ಬಂದು, ಈಚಿನ ಮೂರು ದಶಕಗಳಲ್ಲಿ ಮತ್ತೆ ಹಿರಿದಾಗುತ್ತ ಹೊರಟಿರುವುದು ಒಂದು ವಿಚಿತ್ರ. 1925ರ ಏಪ್ರಿಲಿನಲ್ಲಿ ಫೋರ್ಡ್ ಕಂಪನಿಯು ತನ್ನ ಟಿ ಮಾದರಿಯ ಕಾರಿಗೆ ಕಾರ್ಖಾನೆಯಲ್ಲಿಯೇ ಸರಕಿನ ತೊಟ್ಟಿಯೊಂದನ್ನು ಜೋಡಿಸಿ 281 ಡಾಲರಿಗೆ ಮಾರತೊಡಗಿದಾಗ, ಇಂದು ನಾವು ಪಿಕಪ್ ಎಂದು ಕರೆಯುವ ವಾಹನಜಾತಿಗೆ ವಿಧ್ಯುಕ್ತವಾದ ಜನನವಾಯಿತೆನ್ನಬಹುದು. ಆ ಕಾಲದ ಟಿ ಮಾದರಿಯ ಟಯರಿಗೆ ರೂಢಿಯಲ್ಲಿದ್ದ ಅಳತೆ 30×3½. ಎಂದರೆ ಹೊರವ್ಯಾಸ 30 ಅಂಗುಲ, ಟಯರಿನ ಸ್ಥೌಲ್ಯ ಮೂರೂವರೆ ಅಂಗುಲ, ಎರಡು ಕಡೆಯಿಂದಲೂ ಅದನ್ನು ಕಳೆದರೆ ಉಳಿಯುವ ರಿಮ್ 23 ಅಂಗುಲ. ಅಷ್ಟು ತೆಳ್ಳನೆಯ ಟಯರು ಭಾರವನ್ನು ಹೊರಬೇಕಾದರೆ ಚದರ ಅಂಗುಲಕ್ಕೆ ಸುಮಾರು 60 ಪೌಂಡಿನ ಗಾಳಿ ಬೇಕಾಗುತ್ತಿತ್ತು. ಅಷ್ಟು ಬಿಗಿದ ಗಾಳಿಯ ಮೇಲೆ ಕುಳಿತವನ ಬೆನ್ನೆಲುಬಿಗೆ ಆಗುತ್ತಿದ್ದುದೇನೆಂಬುದನ್ನು ವಿವರಿಸಬೇಕಾದುದಿಲ್ಲ. 1923ರಲ್ಲಿ ಫೈರ್‌ಸ್ಟೋನ್ ಕಂಪನಿಯು ಬಲೂನ್ ಟಯರೆಂಬ ಹೊಸ ಬಗೆಯನ್ನು ಮಾರುಕಟ್ಟೆಗೆ ತಂದಿತು. ಅದರ ಅನುಸರಣೆಯಲ್ಲಿ ಟಿ ಮಾದರಿಗೆ ಬಂದ ಟಯರಿನ ಹೊರವ್ಯಾಸವು ಹೆಚ್ಚುಕಡಿಮೆ ಹಿಂದಿನಷ್ಟೇ ಇದ್ದು, ರಿಮ್ ಮಾತ್ರ 21 ಅಂಗುಲಕ್ಕೆ ಇಳಿದು, ಹೀಗೆ ತೆರವಾದ ಜಾಗವನ್ನು ರಬ್ಬರೂ ಗಾಳಿಯೂ ತುಂಬಿಕೊಂಡುವು. ಗಾಳಿಯ ಒತ್ತಡವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದೇ ಮಾರ್ಗದಲ್ಲಿ ಮುಂದುವರಿದು, ಎರಡನೆಯ ಮಹಾಯುದ್ಧದ ತರುವಾಯದ ಅಮೆರಿಕದ ಪಿಕಪ್‌ಗಳು 16 ಅಂಗುಲಕ್ಕೂ ಬಳಿಕ 15 ಅಂಗುಲಕ್ಕೂ ಬಂದು ನಿಂತುವು. ಇಂದಾದರೋ ಅಲ್ಲಿನ ಪೂರ್ಣಗಾತ್ರದ ಪಿಕಪ್‌ಗೆ 17 ಅಂಗುಲದ ರಿಮ್ ಎಂಬುದು ಬಡವರ ಪಾಲಿನ ಸಾಮಗ್ರಿ. ಸಿರಿವಂತ ಮಾದರಿಗಳು 20 ಅಂಗುಲದಿಂದ ತೊಡಗಿ 22ಕ್ಕೆ ಏರಿವೆ. ನಮ್ಮ ಅಜ್ಜಂದಿರು ಸುಖವನ್ನರಸಿ ಇಳಿದು ಬಂದ ಮೆಟ್ಟಿಲುಗಳನ್ನೇ ನಾವು ಅಂದವನ್ನರಸಿ ಮತ್ತೆ ಹತ್ತುತ್ತಿದ್ದೇವೆ.

ಗಾಲಿಯ ಗಾತ್ರಕ್ಕೂ ಪ್ರಯಾಣದ ಸುಖಕ್ಕೂ ಇರುವ ಸಂಬಂಧವನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಲೋಕದಲ್ಲಿ ಪ್ರಚಲಿತವಾಗಿವೆ. ಗಾಲಿ ದೊಡ್ಡದಾದಷ್ಟೂ ಗುಂಡಿಗಳು ಗೊತ್ತಾಗುವುದಿಲ್ಲವೆಂದು ಒಂದು ಪಕ್ಷ. ಗಾಲಿ ದೊಡ್ಡದಾದಷ್ಟೂ ಗಾಡಿ ಎತ್ತಿ ಹಾಕುತ್ತದೆಂದು ಇನ್ನೊಂದು ಪಕ್ಷ. ಎರಡೂ ಪಕ್ಷದವರು ಸ್ವಾನುಭವವನ್ನೇ ಪ್ರಮಾಣವಾಗಿ ಮುಂದಿಡುವುದರಿಂದ ಯಾರನ್ನೂ ಸುಳ್ಳುಗಾರರೆನ್ನುವಂತಿಲ್ಲ. ಗೊಂದಲಕ್ಕೆ ಮೂಲವೆಂದರೆ, ಗಾಲಿಯೆಂಬ ಒಂದೇ ಮಾತಿನಲ್ಲಿ ಮೂರು ಅಳತೆಗಳು ಅಡಗಿರುವುದು: ಲೋಹದ ರಿಮ್ಮಿನ ವ್ಯಾಸ, ಟಯರನ್ನೂ ಕೂಡಿಸಿಕೊಂಡ ಒಟ್ಟು ಹೊರವ್ಯಾಸ, ಇವೆರಡರ ನಡುವೆ ಉಳಿಯುವ ರಬ್ಬರಿನ ಎತ್ತರ. ಸುಖದ ವಿಚಾರದಲ್ಲಿ ಇವುಗಳ ಪೈಕಿ ಮೂರನೆಯದೇ ಪ್ರಧಾನವೆಂದೂ, ಪಿಕಪ್‌ನ ವಿಚಾರದಲ್ಲಿ ಅದರ ಪ್ರಾಧಾನ್ಯವು ಕಾರಿನಲ್ಲಿರುವುದಕ್ಕಿಂತ ಬಹಳ ಹೆಚ್ಚೆಂದೂ ಈ ಲೇಖಕನ ಮತ.

ಅಳತೆಗಳನ್ನು ಓದುವ ಕ್ರಮವನ್ನು ಸಮೀಪದ ಉದಾಹರಣೆಯೊಂದರಿಂದಲೇ ನೋಡಬಹುದು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಜೋಡಣೆಯಾಗಿ 2022ರಿಂದ ಭಾರತದಲ್ಲಿ ಮಾರಾಟವಾಗುತ್ತಿರುವ ಟೊಯೋಟಾ ಹೈಲಕ್ಸ್ ಪಿಕಪ್‌ನ ಸಾದಾ ಮಾದರಿಗೆ 265/65 ಆರ್17 ಎಂಬ ಟಯರೂ ಮೇಲಿನ ಮಾದರಿಗೆ 265/60 ಆರ್18 ಎಂಬ ಟಯರೂ ಬರುತ್ತವೆ. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಟಯರಿನ ಪಕ್ಕೆಯ ಎತ್ತರವೆಂಬುದು. ಕೊನೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಮೊದಲನೆಯದರ ಪಕ್ಕೆ 172 ಮಿಲಿಮೀಟರು, ಎರಡನೆಯದರದು 159. ಒಟ್ಟು ಹೊರವ್ಯಾಸವು ಎರಡರಲ್ಲಿಯೂ 775ರ ಆಸುಪಾಸಿನದೇ. ನಾಲ್ಕು ಹೆಜ್ಜೆ ದೂರದಿಂದ ನೋಡುವವನಿಗೆ ಎರಡು ಗಾಡಿಗಳ ಎತ್ತರದಲ್ಲಿ ವ್ಯತ್ಯಾಸವೇ ಕಾಣದು. ಹೆಚ್ಚು ಹಣ ತೆತ್ತವನು ಪಡೆದದ್ದು ಒಂದಂಗುಲ ಹೆಚ್ಚಿನ ಲೋಹ, ಬಿಟ್ಟುಕೊಟ್ಟದ್ದು 13 ಮಿಲಿಮೀಟರು ರಬ್ಬರು. ಹದಿಮೂರು ಮಿಲಿಮೀಟರು ಅಲ್ಪವೆನಿಸಬಹುದು. ಆದರೆ ಅಮೆರಿಕದ ಫೋರ್ಡ್ ಎಫ್-150ರಲ್ಲಿ ಈ ವ್ಯತ್ಯಾಸವು ಎಲ್ಲಿಗೆ ಮುಟ್ಟುತ್ತದೆಂಬುದನ್ನು ನೋಡಿ: 275/65 ಆರ್18 ಟಯರಿನಲ್ಲಿ ಪಕ್ಕೆಯು 179 ಮಿಲಿಮೀಟರು, 275/55 ಆರ್20ರಲ್ಲಿ 151, 275/50 ಆರ್22ರಲ್ಲಿ 137. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ನಾಲ್ಕು ಬೆರಳಗಲದಷ್ಟಲ್ಲದಿದ್ದರೂ ಎರಡು ಬೆರಳಗಲಕ್ಕೆ ಮೀರಿದ ಗಾಳಿಯ ಮೆತ್ತೆ ಮಾಯವಾಗಿದೆ.

ಇಲ್ಲಿ ಒಂದು ಮಾತನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. 1980ರ ದಶಕದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿದ್ದ 235/75 ಆರ್15 ಟಯರಿನ ಪಕ್ಕೆಯ ಎತ್ತರ 176 ಮಿಲಿಮೀಟರು. ಎಂದರೆ ಇಂದಿನ ಎಫ್-150ರ 18 ಅಂಗುಲದ ರಿಮ್ಮಿನ ಮೇಲಿನ ರಬ್ಬರು ಅಂದಿನ 15 ಅಂಗುಲದ ರಿಮ್ಮಿನ ಮೇಲಿನದಕ್ಕಿಂತ ಕಡಿಮೆಯಿಲ್ಲ. ವಾಹನವೇ ಒಟ್ಟಾರೆ ಬೆಳೆದಿರುವುದರಿಂದ ಹೊರವ್ಯಾಸವು ಹಿಗ್ಗಿ, ರಿಮ್ ಹಿಗ್ಗಿದ ಪಾಪವನ್ನು ತೊಳೆದಿದೆ. ಆದಕಾರಣ ರಿಮ್ಮಿನ ಅಂಗುಲವೊಂದನ್ನೇ ಹಿಡಿದು ಹಳೆಯ ಕಾಲವನ್ನು ಹೊಗಳುವುದೂ ಹೊಸ ಕಾಲವನ್ನು ತೆಗಳುವುದೂ ಸಮನಾಗಿ ಅವಿಚಾರ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕೆಲವೇ ಸೆಂಟಿಮೀಟರುಗಳ ಈ ರಬ್ಬರು ಪಿಕಪ್‌ನಲ್ಲಿ ಇಷ್ಟೊಂದು ಅಧಿಕಾರವನ್ನು ಪಡೆದದ್ದು ಹೇಗೆ? ಸಾಧಾರಣವಾಗಿ ಟಯರೂ ಸ್ಪ್ರಿಂಗೂ ಒಂದರ ಮೇಲೊಂದು ಇಟ್ಟ ಎರಡು ಕಮಾನುಗಳಾಗಿ ಕೆಲಸ ಮಾಡುತ್ತವೆ. ಟಯರಿನ ಬಿಗುವು ಸ್ಪ್ರಿಂಗಿನ ಬಿಗುವಿಗಿಂತ ಐದಾರು ಪಟ್ಟಿನಿಂದ ಹತ್ತು ಪಟ್ಟಿನವರೆಗೆ ಅಧಿಕವಾಗಿರುವುದರಿಂದ, ನಿಧಾನವಾಗಿ ಏರಿಳಿಯುವ ದಾರಿಯಲ್ಲಿ ಬಾಗುವುದೆಲ್ಲ ಸ್ಪ್ರಿಂಗೇ ಹೊರತು ಟಯರಲ್ಲ. ಹೆದ್ದಾರಿಯ ಉದ್ದನೆಯ ಅಲೆಗಳಲ್ಲಿ 18 ಅಂಗುಲದ ಪಿಕಪ್‌ಗೂ 22 ಅಂಗುಲದ ಪಿಕಪ್‌ಗೂ ಸುಖದಲ್ಲಿ ಭೇದವು ಕಾಣದಿರುವುದು ಇದರಿಂದಲೇ. ಆದರೆ ಸೇತುವೆಯ ಕೂಡುಗೀಲು, ತೇಪೆ ಹಾಕಿದ ಡಾಂಬರಿನ ಅಂಚು, ಜಲ್ಲಿ ಎದ್ದ ದಾರಿ ಮುಂತಾದ ಮೊನಚಾದ ಸಣ್ಣ ಆಘಾತಗಳ ಪ್ರಕರಣವೇ ಬೇರೆ. ಪಿಕಪ್‌ನ ಹಿಂದಣ ಅಚ್ಚನ್ನು ಹೊತ್ತಿರುವುದು ಬಹುಪಾಲು ಕಮಾನುಪಟ್ಟಿ. ಉದ್ದುದ್ದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ನಡುವೆ ಬಿಗಿದದ್ದು. ಈ ಪಟ್ಟಿಗಳು ಬಾಗಬೇಕಾದರೆ ಒಂದರ ಮೇಲೊಂದು ಜಾರಬೇಕು. ಜಾರಬೇಕಾದರೆ ನಡುವಣ ಘರ್ಷಣೆಯನ್ನು ಗೆಲ್ಲಬೇಕು. ಆಘಾತವು ಆ ಘರ್ಷಣೆಯನ್ನು ಗೆಲ್ಲುವಷ್ಟು ದೊಡ್ಡದಲ್ಲದಿದ್ದರೆ, ಪಟ್ಟಿಗಳೆಲ್ಲ ಏಕಶಿಲೆಯಾಗಿ ನಿಂತುಬಿಡುತ್ತವೆ. ಆ ಕ್ಷಣದಲ್ಲಿ ಗಾಡಿಗೆ ಸ್ಪ್ರಿಂಗೇ ಇಲ್ಲ, ಟಯರೊಂದೇ ಸ್ಪ್ರಿಂಗು. ಕಾರಿನಲ್ಲಿ ಸುರುಳಿ ಸ್ಪ್ರಿಂಗು ಸಣ್ಣ ಆಘಾತಕ್ಕೂ ಸ್ವಲ್ಪವಾದರೂ ಮಣಿದು ಟಯರಿನ ಕೊರತೆಯನ್ನು ತುಂಬಿಕೊಡುತ್ತದೆ. ಪಿಕಪ್‌ನಲ್ಲಿ ಟಯರು ಕೈಬಿಟ್ಟ ಮೇಲೆ ಕೈಹಿಡಿಯುವವರು ಯಾರೂ ಇಲ್ಲ.

ಇದಕ್ಕೆ ಖಾಲಿತನವೂ ಸೇರುತ್ತದೆ. ಪಿಕಪ್‌ನ ಹಿಂಬದಿಯ ಸ್ಪ್ರಿಂಗನ್ನು ರೂಪಿಸುವುದು ತುಂಬಿದ ತೊಟ್ಟಿಯನ್ನು ಹೊರುವುದಕ್ಕಾಗಿ; ಆದರೆ ಅದು ಓಡುವ ದೂರದ ಬಹುಭಾಗವು ತೊಟ್ಟಿ ಬರಿದಾಗಿರುವಾಗ. ಕೋಲಾರದ ಮಾರುಕಟ್ಟೆಗೆ ಟೊಮ್ಯಾಟೊ ಕ್ರೇಟುಗಳನ್ನು ಹೇರಿಕೊಂಡು ಬರುವ ಪಿಕಪ್ ಹೋಗುವಾಗ ನೆಲಕ್ಕೆ ಅಂಟಿಕೊಂಡು ಗಂಭೀರವಾಗಿ ಸಾಗುವುದನ್ನೂ, ಮಾಲಿಳಿಸಿ ಮರಳುವಾಗ ಅದೇ ದಾರಿಯ ಅದೇ ಹಂಪಿನ ಮೇಲೆ ಹಿಂಬದಿಯು ಎಗರಿ, ಬರಿಯ ತೊಟ್ಟಿಯ ತಗಡು ದಡದಡಿಸಿ, ಚಾಲಕನ ಪಕ್ಕದಲ್ಲಿ ಕುಳಿತವನು ಮೇಲಿನ ಹಿಡಿಕೆಗೆ ಕೈಹಾಕುವುದನ್ನೂ ಕಂಡವರಿಗೆ ಈ ಮಾತು ಹೊಸದಲ್ಲ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರರು, ಹಿಂದಿನ ಸ್ಪ್ರಿಂಗುಗಳು ಮುಂದಿನವುಗಳಿಗಿಂತ ತುಸುವೇ ಹೆಚ್ಚು ವೇಗವಾಗಿ ತೂಗುವಂತಿದ್ದರೆ ಗಾಡಿಯು ಉಯ್ಯಾಲೆಯಾಡದೆ ಸಮತಲವಾಗಿ ನೆಲೆಗೊಳ್ಳುತ್ತದೆಂದು ಪ್ರಯೋಗಗಳಿಂದ ತೋರಿಸಿದರು. ಖಾಲಿ ಪಿಕಪ್‌ನಲ್ಲಿ ಈ 'ತುಸು' ಎಂಬುದು ಮಿತಿಮೀರಿಹೋಗಿರುತ್ತದೆ.

ದೇಹಕ್ಕೆ ಆಗುವ ಅಹಿತದ ಬಗೆಯನ್ನು ಕುರಿತು ಎರಡು ಮಾತು. ಗಾಡಿಯ ಒಡಲು ಸ್ಪ್ರಿಂಗುಗಳ ಮೇಲೆ ತೂಗುವುದು ಸೆಕೆಂಡಿಗೆ ಒಂದೆರಡು ಬಾರಿ; ಗಾಲಿಯೂ ಅಚ್ಚೂ ಕೂಡಿ ಟಯರಿನ ಮೇಲೆ ಪುಟಿಯುವುದು ಸೆಕೆಂಡಿಗೆ ಹತ್ತರಿಂದ ಹದಿನೈದು ಬಾರಿ. 1974ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಕುಳಿತ ಮನುಷ್ಯನ ಶರೀರವು ಮೇಲೆಕೆಳಗಿನ ಕಂಪನಗಳ ಪೈಕಿ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯ ಕಂಪನಕ್ಕೆ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಒಡಲಿನ ತೂಗಾಟವು ಇದಕ್ಕಿಂತ ಕೆಳಗೆ, ಗಾಲಿಯ ಪುಟಿತವು ಇದಕ್ಕಿಂತ ಮೇಲೆ ಇರುವಂತೆ ನೋಡಿಕೊಳ್ಳುವುದೇ ವಾಹನಶಿಲ್ಪಿಗಳ ಜಾಣ್ಮೆ. ಗಾಲಿಯ ತೂಕವನ್ನು ಏರಿಸಿದಂತೆಲ್ಲ ಆ ಪುಟಿತವು ನಿಧಾನವಾಗುತ್ತ, ಶರೀರಕ್ಕೆ ಒಗ್ಗದ ಆ ಪ್ರದೇಶದತ್ತ ಕೆಳಗಿಳಿಯುತ್ತದೆ. ಶಾಕ್ ಅಬ್ಸಾರ್ಬರುಗಳು ಹಗುರವಾದ ಗಾಲಿಯ ಲೆಕ್ಕದಲ್ಲಿ ಮಾಡಿದವಾದ್ದರಿಂದ ಭಾರವಾದ ಗಾಲಿಯನ್ನು ಹಿಡಿದು ನಿಲ್ಲಿಸಲಾರವು. ದೊಡ್ಡ ರಿಮ್ಮಿನೊಡನೆ ತೂಕವೂ ಬರುತ್ತದೆಂಬುದನ್ನು ಕೊಳ್ಳುವವರು ಸಾಮಾನ್ಯವಾಗಿ ಗಣಿಸುವುದಿಲ್ಲ.

ಹಾಗಾದರೆ ಹೊರವ್ಯಾಸದ ವಾದದಲ್ಲಿ ಹುರುಳಿಲ್ಲವೆ? ಇದೆ, ಆದರೆ ಜನರು ಎಣಿಸಿದಷ್ಟಿಲ್ಲ. ಐದು ಸೆಂಟಿಮೀಟರು ಎತ್ತರದ ಮೆಟ್ಟಿಲೊಂದನ್ನು ಗಾಲಿಯು ಹತ್ತಬೇಕೆನ್ನಿ. ಹೈಲಕ್ಸಿನ ಗಾಲಿಯು ಆ ಐದು ಸೆಂಟಿಮೀಟರನ್ನು ಏರುವುದಕ್ಕೆ ಸುಮಾರು 190 ಮಿಲಿಮೀಟರು ಮುಂದಕ್ಕೆ ಚಲಿಸಬೇಕಾಗುತ್ತದೆಂದು ರೇಖಾಗಣಿತವು ಹೇಳುತ್ತದೆ. ಅದಕ್ಕಿಂತ ಹತ್ತು ಸೆಂಟಿಮೀಟರು ದೊಡ್ಡ ವ್ಯಾಸದ ಗಾಲಿಗೆ ಸುಮಾರು 203 ಮಿಲಿಮೀಟರು ಸಿಗುತ್ತದೆ. ಏರಿಕೆಯು ಆರೇಳು ಪ್ರತಿಶತ ಸೌಮ್ಯವಾಯಿತೇ ಹೊರತು ಮೆಟ್ಟಿಲು ಅಳಿಸಿಹೋಗಲಿಲ್ಲ. ಬರಿಯ ವ್ಯಾಸದಿಂದಲೇ ಸುಖವು ದೊರೆಯುವಂತಿದ್ದರೆ ಕಬ್ಬಿಣದ ಪಟ್ಟಿ ಹೊಡೆದ ಆಳೆತ್ತರದ ಗಾಲಿಗಳ ನಮ್ಮ ಎತ್ತಿನ ಗಾಡಿಯು ಪ್ರಪಂಚದ ಅತಿಸುಖದ ವಾಹನವಾಗಬೇಕಿತ್ತು. ಆದರೆ ಹಳ್ಳಿಯವರು ಆ ಮರದ ಗಾಲಿಯನ್ನು ಬಿಟ್ಟು, ಎತ್ತರದಲ್ಲಿ ಅದರ ಅರ್ಧಕ್ಕೂ ಸಾಲದ ರಬ್ಬರಿನ ಗಾಲಿಗಳ ಟಯರ್ ಗಾಡಿಯನ್ನು ಯಾರ ಉಪದೇಶವೂ ಇಲ್ಲದೆ ಆಯ್ದುಕೊಂಡರು.

ವ್ಯಾಸವೂ ರಬ್ಬರಿನ ಎತ್ತರವೂ ಒಟ್ಟಿಗೆ ಬೆಳೆದಾಗ ಮಾತ್ರ ಅದ್ಭುತವು ನಡೆಯುತ್ತದೆ. ಮರುಭೂಮಿಯಲ್ಲಿ ನೆಗೆದೋಡಲೆಂದೇ ಮಾಡಿದ ಫೋರ್ಡ್ ಎಫ್-150 ರ‍್ಯಾಪ್ಟರಿನಲ್ಲಿ, ಬೆಲೆಗೆ ತಕ್ಕಂತೆ 22 ಅಂಗುಲದ ರಿಮ್ಮಿರಬಹುದೆಂದು ಎಣಿಸಿದವರಿಗೆ ಕಾಣುವುದು 17 ಅಂಗುಲದ ರಿಮ್! ಅದರ ಮೇಲೆ 37 ಅಂಗುಲ ಹೊರವ್ಯಾಸದ ಟಯರು ಕುಳಿತಾಗ ಪಕ್ಕೆಯ ಎತ್ತರವು ಪೂರಾ ಹತ್ತು ಅಂಗುಲ. ಸುಖವನ್ನೂ ಬಾಳಿಕೆಯನ್ನೂ ಬಲ್ಲ ಶಿಲ್ಪಿಗಳಿಗೆ ಸ್ವಾತಂತ್ರ್ಯ ದೊರೆತಾಗ ಅವರು ಯಾವ ಕಡೆಗೆ ವಾಲುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ನನಗೆ ಬೇಕಾಗಿಲ್ಲ. ಅದೇ ಗಾಡಿಯು 2021ರ ಆವೃತ್ತಿಯಲ್ಲಿ ಹಿಂದಣ ಕಮಾನುಪಟ್ಟಿಗಳನ್ನು ಬಿಟ್ಟು ಸುರುಳಿ ಸ್ಪ್ರಿಂಗಿಗೆ ಬಂದುದೂ ಗಮನಾರ್ಹ.

ಅಳತೆ ಒಂದೇ ಆಗಿದ್ದರೂ ಟಯರಿನ ಕುಲಭೇದದಿಂದ ಸುಖವು ಬದಲಾಗುತ್ತದೆ. ಕಾರಿನ ವರ್ಗದ ಟಯರಿಗೂ ಎಲ್‌ಟಿ ಎಂದು ಗುರುತು ಹಾಕಿದ ಲಘು ಟ್ರಕ್ಕಿನ ಟಯರಿಗೂ ಪಕ್ಕೆಯ ಕಟ್ಟಡವೇ ಬೇರೆ. ಎರಡನೆಯದರಲ್ಲಿ ಎಳೆಗಳ ಪದರವು ದಪ್ಪ, ತೂಕವು ಹೆಚ್ಚು. ಅಷ್ಟೇ ಭಾರವನ್ನು ಹೊರಲು ಅದಕ್ಕೆ ಹೆಚ್ಚು ಗಾಳಿಯೂ ಬೇಕು. ಇ ಶ್ರೇಣಿಯ ಎಲ್‌ಟಿ ಟಯರಾದರೆ ಚದರ ಅಂಗುಲಕ್ಕೆ 80 ಪೌಂಡಿನವರೆಗೆ ಗಾಳಿಯನ್ನು ತಡೆದುಕೊಳ್ಳುತ್ತದೆ. ಕಲ್ಲುಗಣಿಗೆ ಹೋಗಿಬರುವವನಿಗೆ ಇದು ವರ. ಕಚೇರಿಗೆ ಹೋಗಿಬರುವವನಿಗೆ ನಿಷ್ಕಾರಣವಾದ ಶಿಕ್ಷೆ. ಕೆಸರಿಗೆಂದು ಮಾಡಿದ ದೊಡ್ಡ ಗುಬ್ಬಿಗಳ ಟಯರು ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ. ಅಗಲವು ಹೆಚ್ಚಿದರೆ ರಸ್ತೆಯ ಗಾಲಿಜಾಡುಗಳು ಸ್ಟೀರಿಂಗನ್ನು ಅತ್ತಿತ್ತ ಎಳೆಯುತ್ತವೆ. ರಿಮ್ಮನ್ನು ಹೊರಕ್ಕೆ ಚಾಚಿಸಿದರೆ ಆ ಎಳೆತವು ಇನ್ನೂ ಹೆಚ್ಚು.

ಗಾಳಿಯ ವಿಚಾರವನ್ನು ಕೊಂಚ ನಿಂತು ನೋಡಬೇಕು. ಏಕೆಂದರೆ ಕಾಸಿನ ಖರ್ಚಿಲ್ಲದೆ ಸುಖವನ್ನು ಬದಲಿಸಬಹುದಾದ ಉಪಾಯ ಇದೊಂದೇ. ಅನೇಕ ಪಿಕಪ್‌ಗಳಲ್ಲಿ ಖಾಲಿ ಗಾಡಿಗೂ ತುಂಬಿದ ಗಾಡಿಗೂ ಹಿಂದಣ ಟಯರುಗಳಿಗೆ ಬೇರೆಬೇರೆ ಒತ್ತಡವನ್ನು ತಯಾರಕರೇ ಸೂಚಿಸಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ, ಒಮ್ಮೆ ಲೋಡಿಗೆಂದು ಗಾಳಿ ಹೊಡೆಸಿದವನು ಅದರಲ್ಲಿಯೇ ತಿಂಗಳುಗಟ್ಟಲೆ ಖಾಲಿ ಓಡಾಡುತ್ತಾನೆ. ಬಳಿಕ ಶಾಕ್ ಅಬ್ಸಾರ್ಬರ್ ಹೋಗಿದೆಯೆಂದು ಮೆಕ್ಯಾನಿಕ್ಕಿನ ಬಳಿಗೆ ಹೋಗುತ್ತಾನೆ. ಹಾಗೆಂದು ಮೆತ್ತಗಾಗಲೆಂದು ಮನಸೋಇಚ್ಛೆ ಗಾಳಿ ಇಳಿಸುವುದೂ ಅಪಾಯವೇ. ಅಮೆರಿಕದಲ್ಲಿ ರೇಂಜರ್ ಪಿಕಪ್‌ನ ಅಡಿಗಟ್ಟಿನಿಂದ ಹುಟ್ಟಿದ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಕ್ಕೆ ಚದರ ಅಂಗುಲಕ್ಕೆ 26 ಪೌಂಡಿನಷ್ಟು ಅಲ್ಪ ಒತ್ತಡವನ್ನು ಗೊತ್ತುಮಾಡಲಾಗಿತ್ತು. ಆ ವಾಹನಗಳ ಟಯರುಗಳು ಓಟದಲ್ಲಿ ಮೇಲ್ಪದರ ಕಳಚಿ ಸಾವುನೋವುಗಳಾದಾಗ, 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿಯು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ದೋಷವು ಟಯರಿನದೋ ಗಾಡಿಯದೋ ಒತ್ತಡದ್ದೋ ಎಂದು ಎರಡು ಕಂಪನಿಗಳೂ ಬಹುಕಾಲ ವಾದಿಸಿದುವು; ಆದರೆ ಕಡಿಮೆ ಗಾಳಿಯ ಟಯರು ಹೆಚ್ಚು ಬಾಗಿ ಹೆಚ್ಚು ಕಾಯುತ್ತದೆಂಬ ಭೌತಿಕ ಸತ್ಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಟಯರಿನ ಒತ್ತಡವನ್ನು ಚಾಲಕನಿಗೆ ತಿಳಿಸುವ ಸಾಧನವು ಅಲ್ಲಿನ ಹೊಸ ವಾಹನಗಳಲ್ಲಿ ಕಡ್ಡಾಯವಾದುದು ಈ ಪ್ರಕರಣದ ಫಲವಾಗಿ.

ದೊಡ್ಡ ರಿಮ್ಮಿನ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲವೆಂದಲ್ಲ. ಇಂದಿನ ಪಿಕಪ್‌ಗಳ ತೂಕಕ್ಕೂ ವೇಗಕ್ಕೂ ತಕ್ಕ ಬ್ರೇಕಿನ ತಟ್ಟೆಗಳು 15 ಅಂಗುಲದ ರಿಮ್ಮಿನೊಳಗೆ ಹಿಡಿಸಲಾರವು. ಗಿಡ್ಡ ಪಕ್ಕೆಯ ಟಯರು ತಿರುವಿನಲ್ಲಿ ಕಡಿಮೆ ಹೊರಳುತ್ತದೆ, ಸ್ಟೀರಿಂಗಿನ ಮಾತನ್ನು ಬೇಗ ಕೇಳುತ್ತದೆ. ಹಿಂದೆ ಟ್ರೈಲರನ್ನು ಕಟ್ಟಿ ಎಳೆಯುವವರಿಗೆ ಈ ಗುಣವು ಪ್ರಿಯವಾದೀತು. ಆದರೆ ಬ್ರೇಕಿಗಾಗಿ 17 ಅಥವಾ 18 ಅಂಗುಲವು ಸಾಕಾಗಿರುವಲ್ಲಿ 22ಕ್ಕೆ ಹೋಗುವುದನ್ನು ಬ್ರೇಕಿನ ಹೆಸರಿನಲ್ಲಿ ಸಮರ್ಥಿಸಲಾಗದು. ಅದು ಕಣ್ಣಿನ ಸುಖಕ್ಕಾಗಿ ಬೆನ್ನು ತೆರುವ ಕಂದಾಯ. ಗುಂಡಿಗಳ ಊರಿನಲ್ಲಿ ಕಂದಾಯವು ಅಲ್ಲಿಗೇ ಮುಗಿಯುವುದಿಲ್ಲ. ಗಿಡ್ಡ ಪಕ್ಕೆಯು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ಎಳೆಗಳು ಕತ್ತರಿಸಿದರೆ, ಒಂದೆರಡು ದಿನಗಳಲ್ಲಿ ಪಕ್ಕೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯವನು ಅದನ್ನು ಬೆರಳಿಂದ ಒತ್ತಿ ನೋಡಿ ತಲೆಯಾಡಿಸುತ್ತಾನೆ. ಅದಕ್ಕೆ ತೇಪೆಯೆಂಬುದಿಲ್ಲ, ಹೊಸ ಟಯರೇ ಗತಿ.

ಕೊನೆಯದಾಗಿ, ಎಲ್ಲ ಪುಣ್ಯಪಾಪಗಳನ್ನೂ ಟಯರಿನ ತಲೆಗೆ ಕಟ್ಟುವುದು ಸರಿಯಲ್ಲ. ರ‍್ಯಾಮ್ 1500 ಪಿಕಪ್ 2009ರ ಮಾದರಿಯಲ್ಲಿ ಹಿಂದಕ್ಕೆ ಸುರುಳಿ ಸ್ಪ್ರಿಂಗುಗಳನ್ನು ಅಳವಡಿಸಿಕೊಂಡಿತು, ಟೊಯೋಟಾ ಟಂಡ್ರಾ 2022ರ ಮಾದರಿಯಲ್ಲಿ ಅದೇ ದಾರಿಯನ್ನು ಹಿಡಿಯಿತು. ಹೋಂಡಾ ರಿಡ್ಜ್‌ಲೈನ್ ಮೊದಲಿನಿಂದಲೂ ಹಿಂದಿನ ಎರಡು ಗಾಲಿಗಳನ್ನು ಪರಸ್ಪರ ಸ್ವತಂತ್ರವಾಗಿ ತೂಗುಹಾಕಿದೆ. ಇಂಥ ಗಾಡಿಗಳು 20 ಅಂಗುಲದ ರಿಮ್ಮನ್ನು ಕಮಾನುಪಟ್ಟಿಯ ಗಾಡಿಗಿಂತ ಎಷ್ಟೋ ಮೇಲಾಗಿ ಸಹಿಸಿಕೊಳ್ಳುತ್ತವೆ. ಆದರೆ ಭಾರತದಲ್ಲಿ ಇಂದು ಕೊಳ್ಳಲು ಸಿಗುವ ಹೈಲಕ್ಸ್, ಇಸುಝು ವಿ-ಕ್ರಾಸ್, ಬೊಲೆರೊ ಪಿಕಪ್ ಎಲ್ಲವೂ ಹಿಂದೆ ಕಮಾನುಪಟ್ಟಿಯನ್ನು ಉಳ್ಳವು. ಆದ್ದರಿಂದ ನಮ್ಮಲ್ಲಿ ಪಿಕಪ್ ಕೊಳ್ಳುವವರು ಷೋರೂಮಿನಲ್ಲಿ ರಿಮ್ಮಿನ ಹೊಳಪನ್ನು ನೋಡುವ ಮೊದಲು ಟಯರಿನ ಪಕ್ಕೆಯ ಮೇಲಿನ ಮೂರು ಅಂಕಿಗಳನ್ನು ಓದಿ, ರಬ್ಬರಿನ ಎತ್ತರವನ್ನು ತಾವೇ ಗುಣಿಸಿ ನೋಡಲಿ. ಖಾಲಿ ಓಡಾಟವೇ ಹೆಚ್ಚಾಗಿದ್ದು, ಕಲ್ಲುಮುಳ್ಳಿನ ದಾರಿಯ ಅಗತ್ಯವಿಲ್ಲದಿದ್ದರೆ, ಬ್ರೇಕಿಗೆ ಹಿಡಿಸುವ ಅತ್ಯಂತ ಕಿರಿಯ ರಿಮ್ಮನ್ನೂ ಕಂಪನಿಯು ಗೊತ್ತುಮಾಡಿದ ಹೊರವ್ಯಾಸವನ್ನೂ ಹಗುರಾದ ರಸ್ತೆಟಯರನ್ನೂ ಆರಿಸಿಕೊಂಡು, ಲೋಡಿಗೆ ತಕ್ಕಂತೆ ಗಾಳಿಯನ್ನು ಹೊಡೆಸಲಿ. ಈಗಾಗಲೇ ಗಾಡಿ ಕೊಂಡು ಸೊಂಟ ಹಿಡಿದುಕೊಂಡಿರುವವರು ಬೇರೆ ಯಾವ ಖರ್ಚಿಗೂ ಕೈಹಾಕುವ ಮೊದಲು, ಗಾಡಿಯೊಡನೆ ಬಂದ ಪುಸ್ತಕವನ್ನು ತೆರೆದು ಹಿಂದಿನ ಟಯರುಗಳಿಗೆ ಹೇಳಿರುವ ಗಾಳಿ ಎಷ್ಟೆಂಬುದನ್ನು ಓದಬೇಕು.